ಲ್ಯಾಮಿನೇಟ್ ಆದ ಬುದ್ಧಿಮಾತು

ನನ್ನ ಬರಹವೊಂದನ್ನು ಯಾರೋ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದನ್ನು ಜೀವನದಲ್ಲಿ ಮೊದಲ ಬಾರಿಗೆ ನೋಡಿದೆ. ಎಲ್ಲಿ ಅಂತೀರಿ? ಜಹೀರಾಬಾದಿನ ಆಸ್ಪತ್ರೆಯೊಂದರ ಐಸಿಯು ಬಾಗಿಲಿನ ಹೊರಗೆ.

ಸೋಮವಾರ ಮಧ್ಯಾಹ್ನ. ಹೆಂಡತಿ ಶಕುಂತಲಾಳ ಶುಗರ್ ಟೆಸ್ಟಿಗೆ ಹೋಗಿದ್ದೆ. ಬರಿಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ಊಟವಾದ ಮೇಲೆ ಮತ್ತೊಮ್ಮೆ ಕೊಡಲು ಕಾಯುವ ಎರಡು ಗಂಟೆ ಇದೆಯಲ್ಲ, ಅದು ಗಂಡಂದಿರಿಗೆ ಕೊಟ್ಟ ಶಿಕ್ಷೆ. (ಶಿಕ್ಷೆ ಹೆಂಡತಿಯರಿಗೆ ಎಂದು ಪಕ್ಕದಿಂದ ತಿದ್ದುಪಡಿ ಬಂದಿದೆ.) ಮೊದಲ ಮಹಡಿಯ ಬೆಂಚಿನಲ್ಲಿ ಜಾಗ ಸಿಕ್ಕಿತು, ಕೂತೆವು. ಎದುರಿಗೇ ಐಸಿಯು.

ಆಚೆ ಬೆಂಚಿನಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಫೈಲನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಐದು ನಿಮಿಷ ನೋಡಿ, ಎದ್ದು ಬಂದಳು.

“ನೀವು ಪೇಪರ್‌ದಾಗ ಬರೀತೀರಲ್ರಿ ಸರ?”

ಈ ಅಂಕಣದ ಮೇಲೆ ಬರುವ ನನ್ನ ಫೋಟೋ ತಲೆಯಲ್ಲಿ ಕೂದಲಿದ್ದ ಕಾಲದ್ದು. ಅದನ್ನು ನೋಡಿದವರು ಈಗಿನ ನನ್ನನ್ನು ಗುರುತಿಸಬೇಕಾದರೆ ಅಭಿಮಾನ ಜೋರಾಗಿಯೇ ಇರಬೇಕು. ‘ನೋಡಿದೆಯಾ?’ ಎಂಬಂತೆ ಹೆಂಡತಿಯ ಕಡೆ ಒಮ್ಮೆ ತಿರುಗಿ, ಆಮೇಲೆ ಬಹಳ ವಿನಯದಿಂದ “ಹೌದಮ್ಮಾ” ಅಂದೆ.

ಆಕೆಯ ಹೆಸರು ಜಗದೇವಿ. ನಾರಾಯಣಖೇಡದ ಆಚೆ ಮನೂರ್ ಕಡೆಯವಳು. ಅವಳ ತಂದೆ ಮಾಣಿಕಪ್ಪನವರದ್ದು ಊರಿನಲ್ಲಿ ಹಿಟ್ಟಿನ ಗಿರಣಿ. ಬೀದರ್‌ನಿಂದ ಬರುವ ನಮ್ಮ ಪತ್ರಿಕೆ ಖೇಡಕ್ಕೆ ಬಂದು, ಅಲ್ಲಿಂದ ಶೇರ್ ಆಟೋದಲ್ಲಿ ಒಂದೇ ಒಂದು ಪ್ರತಿ ಆ ಗಿರಣಿಗೆ ಹೋಗುತ್ತದಂತೆ. ಊರಿನಲ್ಲಿ ಮಾತಾಡುವುದು ಕನ್ನಡವೇ. ಆದರೆ ಅದು ತೆಲುಗು ರಾಜ್ಯಕ್ಕೆ ಸೇರಿದ ಗಡಿ ಊರು, ಮಕ್ಕಳೆಲ್ಲ ತೆಲುಗು ಶಾಲೆಯಲ್ಲಿ ಕಲಿತವರು. ಕನ್ನಡ ಓದಲು ಬರುವವರು ಬೆರಳೆಣಿಕೆಯಷ್ಟು. ಅವರಲ್ಲಿ ಗಟ್ಟಿಯಾಗಿ, ರಾಗವಾಗಿ ಓದುವವರು ಮಾಣಿಕಪ್ಪನವರೊಬ್ಬರೇ.

“ಕರೆಂಟ್ ಹೋತಂದ್ರ ಗಿರಣಿ ನಿಲ್ತದರಿ. ಜ್ವಾಳ ಬೀಸಾಕ ಬಂದ ಮಂದಿ ಎಲ್ಲಾ ಅಲ್ಲೇ ಕುಂತಿರ್ತಾರ. ಅವಾಗ ಅಪ್ಪ ನಿಮ್ಮದು ಓದಿ ಹೇಳ್ತಾರರಿ. ಮಂದಿ ಹೊಟ್ಟಿ ಹಿಡ್ಕೊಂಡು ನಗ್ತಾರ್ರಿ ಸರ.”

ಇಷ್ಟು ಸಾಕಲ್ಲವೇ ಬರೆಯುವವನಿಗೆ? ನಾನು ಉಬ್ಬಿದೆ. ಸುಳ್ಳು ಯಾಕೆ ಹೇಳಲಿ, ಐಸಿಯು ಮುಂದೆ ಕೂತವಳನ್ನು, ಒಳಗೆ ಯಾರು ಮಲಗಿದ್ದಾರೆ ಎಂದು ಕೇಳುವುದಕ್ಕೂ ಮೊದಲು ನಾನು ಉಬ್ಬಿದೆ.

ಆಗ ಆಕೆ ಫೈಲ್ ಬಿಚ್ಚಿ, ಎಕ್ಸ್‌ರೇ ಹಾಳೆಯ ಹಿಂದಿನಿಂದ ಅದನ್ನು ತೆಗೆದಳು. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ನನ್ನ ಅಂಕಣ. ಮೇಲೆ ಕೂದಲಿದ್ದ ನಾನು. ಮೂಲೆಯಲ್ಲಿ ಮೊಳೆಗೆ ತೂಗುಹಾಕಲು ಒಂದು ತೂತು, ಅದರ ಸುತ್ತ ಜೋಳದ ಹಿಟ್ಟಿನ ಬಿಳಿ.

“ಧೂಳಿಗಿ ಕಾಗದ ಹಾಳಾಗ್ತದಂತ ಅಪ್ಪ ಖೇಡಕ್ಕ ಹೋಗಿ ಇದನ್ನ ಮಾಡ್ಸಿಕೊಂಡು ಬಂದಾರರಿ. ಗಿರಣಿ ಗ್ವಾಡಿಗಿ ಹಾಕಿದ್ರು. ಡಾಕ್ಟರ್ ಕೇಳಿದ್ರ ತೋರ್ಸಾಕ ಬೇಕಂತ ಸಂಗಟ ತಂದೀನಿ.”

ಶೀರ್ಷಿಕೆ ಓದಿದೆ. ‘ಭಾನುವಾರ ಮಾತ್ರ ಕಾಯಿಲೆ ಬೀಳಬೇಡಿ.’

“ಒಳಗ ಯಾರು ಅದಾರಮ್ಮ?” ಎಂದು ಆಗ ಕೇಳಿದೆ. (ಆಗ!)

“ಅಪ್ಪನೇ ರಿ.”

ಶನಿವಾರ ಮಧ್ಯಾಹ್ನ ಮಾಣಿಕಪ್ಪನವರಿಗೆ ಚಳಿಜ್ವರ ಬಂದಿತ್ತು. ಮಾತಾಡಿದರೆ ಏದುಸಿರು. ಗಿರಣಿಯ ಧೂಳು ಕುಡಿದ ಎದೆ, ಕೆಮ್ಮು ಯಾವಾಗಲೂ ಇದ್ದದ್ದೇ. ಆದರೆ ಇದು ಬೇರೆ ಎಂದು ಮಗಳಿಗೆ ತಿಳಿದಿತ್ತು.

“ನಾ ಅಂದೆ, ನಡೀರಿ ಅಪ್ಪ ಈಗಲೇ ಹೋಗಮು. ಅಪ್ಪ ಗ್ವಾಡಿ ಕಡಿ ಕೈ ಮಾಡಿ ತೋರ್ಸಿದ್ರು. ಪೇಪರ್‌ದಾಗ ಮಾಸ್ತರ್ ಬರದಾರ, ಈಗ ಹ್ವಾದ್ರ ಐತವಾರದಾಗ ಸಿಕ್ಕೊಂತೀವಿ, ದೊಡ್ಡ ಡಾಕ್ಟರ್ ಇರಂಗಿಲ್ಲ, ಸೋಮವಾರ ಮುಂಜಾನಿ ಹೋಗಮು ಅಂದ್ರು.”

ಭಾನುವಾರವಿಡೀ ಅವರು ಗೋಡೆಗೆ ಒರಗಿ ಕೂತೇ ಕಳೆದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಖೇಡಕ್ಕೆ ಹೋಗುವ ಆಟೋದಲ್ಲೇ ಎಚ್ಚರ ತಪ್ಪಿದರು. ಖೇಡದ ಆಸ್ಪತ್ರೆಯವರು ಆಕ್ಸಿಜನ್ ಹಾಕಿ, ಅಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರು. ಈಗ ಗಂಟಲಲ್ಲಿ ನಳಿಕೆ, ಪಕ್ಕದಲ್ಲಿ ಉಸಿರಾಡಿಸುವ ಯಂತ್ರ.

ಇಷ್ಟು ಹೇಳಿ ಜಗದೇವಿ ನನ್ನ ಮುಖ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

“ನೀವು ಬರದಂಗೇ ತಡದೀವಿ ಸರ. ನಾವು ಸರಿ ಮಾಡೀವಲ್ರಿ?”

ಓದುಗ ಬಂಧುಗಳೇ, ನಾನು ಏನೆಂದೆ ಗೊತ್ತೇ?

“ಸರಿ ಮಾಡೀರಮ್ಮ” ಅಂದೆ.

ಆಕೆಗೆ ಸಮಾಧಾನವಾಗಲಿ ಎಂದು ಹಾಗಂದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಹೆದರಿಕೆಯಾಗಿತ್ತು, ಅದಕ್ಕೆ ಅಂದೆ. ಪಕ್ಕದಲ್ಲಿ ಶಕುಂತಲಾ ನೆಲ ನೋಡುತ್ತಿದ್ದಳು.

ಆ ಅಂಕಣ ಹುಟ್ಟಿದ ಕಥೆ ಕೇಳಿ. ಮೂರು ತಿಂಗಳ ಹಿಂದಿನ ಮಾತು. ಬರಹ ಕಳಿಸುವ ದಿನ ಬಂದಿತ್ತು, ತಲೆಯಲ್ಲಿ ಏನೂ ಇರಲಿಲ್ಲ. ಹಿಂದಿನ ಭಾನುವಾರ ಹೆಂಡತಿ ಅಂಗಳದಲ್ಲಿ ಜಾರಿ ಕೈ ಉಳುಕಿಸಿಕೊಂಡಾಗ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಗೆ ಬೀಗ ಹಾಕಿತ್ತು. ಆ ಸಿಟ್ಟು ಇತ್ತು. ಅಷ್ಟರಲ್ಲಿ ಫೋನಿಗೆ ಯಾರೋ ಒಂದು ಸುದ್ದಿ ಕಳಿಸಿದರು. ರಜಾದಿನ ಐಸಿಯುಗೆ ಸೇರಿದವರ ಸ್ಥಿತಿ ಹೆಚ್ಚು ಕೆಡುತ್ತದೆ ಎಂಬಂಥ ತಲೆಬರಹ. ತಲೆಬರಹ ಓದಿದೆ. ಕೆಳಗಿನದ್ದು ಓದಲಿಲ್ಲ. ಓದಿದ್ದರೆ ಅಂಕಣ ಆಗುತ್ತಿರಲಿಲ್ಲವಲ್ಲ!

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಪ್ರತಿ ಪರೀಕ್ಷೆಗೆ ಮುಂಚೆ ಮಕ್ಕಳಿಗೆ ಹೇಳುತ್ತಿದ್ದ ಮಾತು ಒಂದೇ. ಪ್ರಶ್ನೆಯನ್ನು ಪೂರ್ತಿ ಓದಿ, ಆಮೇಲೆ ಉತ್ತರ ಬರೆಯಿರಿ.

ನಲವತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಎಷ್ಟು ಜನ ಮೆಚ್ಚಿದರು! ಗ್ರೂಪಿನಿಂದ ಗ್ರೂಪಿಗೆ ಹಾರಿತು. ಕೊಹೀರಿನ ಹಳೆಯ ಸ್ನೇಹಿತನೊಬ್ಬ ಫೋನ್ ಮಾಡಿ “ಮಸ್ತ್ ಬರದೀರಿ ಮಾಸ್ತರ್, ಡಾಕ್ಟರ್ ಮಂದಿಗಿ ಛಲೋ ಬಿಸಿ ಮುಟ್ಸೀರಿ” ಅಂದ. ನಾನು ಎರಡು ದಿನ ಅದೇ ಗುಂಗಿನಲ್ಲಿದ್ದೆ.

ಮುಂದಿನದ್ದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ. ಅಂಕಣ ಅಚ್ಚಾದ ಮೂರನೇ ವಾರ, ಒಂದು ಭಾನುವಾರ ಬೆಳಿಗ್ಗೆ, ನನಗೆ ಎದೆಯಲ್ಲಿ ಉರಿ ಶುರುವಾಯಿತು. ಎಡತೋಳೂ ಸ್ವಲ್ಪ ಸೆಳೆದಂತೆ ಅನಿಸಿತು. ನಾನು ಸೋಮವಾರದವರೆಗೆ ಕಾದೆನೇ? ಹದಿನೈದು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆ, ಒಂದು ಕಾಲಿಗೆ ಒಂದು ಜೊತೆಯ ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು ಜೊತೆಯದು. ಕೂಡಲೇ ನೋಡಿದರು. ಇಸಿಜಿ ಮಾಡಿದರು. ಗ್ಯಾಸ್ ಎಂದು ಹೇಳಿ, ಎರಡು ಗಂಟೆ ಕೂರಿಸಿಕೊಂಡು, ಇನ್ನೊಮ್ಮೆ ಪರೀಕ್ಷಿಸಿ ಕಳಿಸಿದರು.

ಅದನ್ನು ಯಾಕೆ ಬರೆಯಲಿಲ್ಲ? ಬರೆದರೆ ಹಿಂದಿನ ಅಂಕಣದ ರುಚಿ ಕೆಡುತ್ತಿತ್ತು. ಇದೇ ಆಸ್ಪತ್ರೆ ಅದು. ಇದೇ ಮಹಡಿ.

ಬೆಂಚಿನ ಮೇಲೆ ಕೂತು ಅದನ್ನೇ ನೆನೆಯುತ್ತಿದ್ದಾಗ ಐಸಿಯು ಬಾಗಿಲು ತೆರೆಯಿತು. ಮೂವತ್ತೂ ತುಂಬಿರದ ಒಬ್ಬ ಡಾಕ್ಟರ್ ಹೊರಬಂದಳು. “ಮಾಣಿಕಪ್ಪನ ಕಡೆಯವರು ಯಾರು?” ಎಂದು ತೆಲುಗಿನಲ್ಲಿ ಕೇಳಿದಳು. ಜಗದೇವಿ ಕನ್ನಡದಲ್ಲಿ ಉತ್ತರಿಸಿದ ಕೂಡಲೇ ಅವಳೂ ಕನ್ನಡಕ್ಕೆ ಹೊರಳಿದಳು. ತಾಂಡೂರಿನವಳಂತೆ. ಮನೆಮಾತು ನಮ್ಮದೇ.

“ನ್ಯುಮೋನಿಯಾ ಎರಡೂ ಕಡಿ ಹಬ್ಯಾದರಿ. ಬಿಪಿ ನಿಲ್ಲವಲ್ದು. ಕಿಡ್ನಿ ಮ್ಯಾಲೂ ಹೊಡ್ತ ಬಿದ್ದದ. ಇದು ಇವತ್ತಿಂದಲ್ಲ ಅಕ್ಕ, ಎರಡು ದಿನದ್ದು ಅದ. ಯಾಕ ತಡ ಮಾಡಿದ್ರಿ?”

ಜಗದೇವಿ ಆ ಲ್ಯಾಮಿನೇಟ್ ಹಾಳೆಯನ್ನು ಮುಂದೆ ಹಿಡಿದಳು. ಸ್ಕ್ಯಾನ್ ರಿಪೋರ್ಟ್ ಕೊಟ್ಟ ಹಾಗೆ ಕೊಟ್ಟಳು. “ಇದರಾಗ ಬರದಾರ್ರಿ ಮೇಡಂ.”

ಡಾಕ್ಟರ್ ಅದನ್ನು ತಿರುಗಿಸಿ ನೋಡಿದಳು. “ನನಗ ಕನ್ನಡ ಮಾತಾಡಾಕ ಬರ್ತದ, ಓದಾಕ ಬರಂಗಿಲ್ಲ. ನೀವೇ ಓದ್ರಿ.”

ನಾನು ಎದ್ದು ಹೋಗಬಹುದಿತ್ತು. ಹೆಂಡತಿಯ ರಕ್ತ ಕೊಡುವ ಹೊತ್ತಾಯಿತು ಎಂಬ ನೆಪವೂ ಇತ್ತು. ಆದರೂ ಕೂತೇ ಇದ್ದೆ. ಜಗದೇವಿ ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದುವಂತೆ, ಒಂದೊಂದೇ ಪದ ಬಿಡಿಸಿ ಓದಿದಳು.

“ಭಾನುವಾರ ಆಸ್ಪತ್ರೆಗೆ ಹೋದರೆ ನಿಮಗೆ ಸಿಗುವುದು ಇಬ್ಬರೇ. ಒಬ್ಬ ವಾಚ್‌ಮನ್, ಇನ್ನೊಬ್ಬ ಅವನ ಜೊತೆ ಹರಟೆಗೆ ಬಂದ ಗೆಳೆಯ. ದೊಡ್ಡ ಡಾಕ್ಟರು ಬಿರಿಯಾನಿ ಉಂಡು ಮಲಗಿರುತ್ತಾರೆ. ಚಿಕ್ಕ ಡಾಕ್ಟರು ನಿಮ್ಮ ಕಾಯಿಲೆ ಪುಸ್ತಕದ ಯಾವ ಪುಟದಲ್ಲಿದೆ ಎಂದು ಹುಡುಕುತ್ತಿರುತ್ತಾರೆ. ಭಾನುವಾರ ಐಸಿಯುಗೆ ಸೇರಿದವರ ಗತಿ ಅಷ್ಟಕ್ಕಷ್ಟೇ ಎಂದು ತಿಳಿದವರೇ ಹೇಳುತ್ತಾರೆ. ಆದ್ದರಿಂದ ಬೀಳುವುದಿದ್ದರೆ ಸೋಮವಾರ ಬೀಳಿ!”

ಗಿರಣಿಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕ ಸಾಲುಗಳು. ಆ ವರಾಂಡದಲ್ಲಿ ಯಾರೂ ನಗಲಿಲ್ಲ. ಆಕೆ ಕೊನೆಯ ಆಶ್ಚರ್ಯಸೂಚಕ ಚಿಹ್ನೆಯ ಹತ್ತಿರ ಸ್ವಲ್ಪ ನಿಂತಳು, ಅದನ್ನು ಹೇಗೆ ಓದಬೇಕೆಂದು ತಿಳಿಯದೆ.

ಡಾಕ್ಟರ್ ಸಿಟ್ಟಾಗಲಿಲ್ಲ. ತುಂಬಾ ಸುಸ್ತಾದವರ ದನಿಯಲ್ಲಿ ಹೇಳಿದಳು. “ಚಿಕ್ಕ ಡಾಕ್ಟರ್ ಅಂದ್ರ ನಾನೇ ಆದೆ. ನಿನ್ನಿ ಐತವಾರ ಪೂರಾ ದಿನ ಇಲ್ಲೇ ಇದ್ದೆ. ಎರಡು ಬೆಡ್ ಖಾಲಿ ಇದ್ವು.”

ಆಮೇಲೆ ನಾನು ಓದದೆ ಬಿಟ್ಟ ಸುದ್ದಿಯ ಕೆಳಭಾಗವನ್ನು ಆ ಹುಡುಗಿ ನಮ್ಮ ಆಡುಮಾತಿನಲ್ಲಿ ಹೇಳಿದಳು.

“ಐತವಾರ ಇಲ್ಲಿಗಿ ಯಾರು ಬರ್ತಾರ ಅಕ್ಕ? ಸಣ್ಣಪುಟ್ಟ ಬ್ಯಾನಿ ಇದ್ದವರು ಬರಂಗಿಲ್ಲ, ನಾಳಿ ಹೋದ್ರಾತು ಅಂತ ಮನ್ಯಾಗ ಕುಂದರ್ತಾರ. ಬರೋರು ಯಾರಂದ್ರ ಇನ್ನ ತಡಿಲಾಕ ಆಗದವರು. ಬರೋವಾಗೇ ಸೀರಿಯಸ್ ಇರ್ತಾರ. ಅದಕ್ಕ ಐತವಾರ ಕೆಟ್ಟ ಕಾಣ್ತದ. ಮಂದಿ ಕಮ್ಮಿ ಇರ್ತಾರ, ಖರೆ. ಒಂದೊಂದು ಟೆಸ್ಟ್ ತಡ ಆಗ್ತದ, ಅದೂ ಖರೆ. ಆದ್ರ ಮನ್ಯಾಗ ಕುಂತ್ರ ಎಷ್ಟು ಮಂದಿ ಡಾಕ್ಟರ್ ಇರ್ತಾರ?”

ಕೊನೆಗೆ ತನಗೇ ಹೇಳಿಕೊಂಡಂತೆ ಅಂದಳು. “ಶನಿವಾರನೇ ಬಂದಿದ್ರ ವಾರ್ಡಿನಾಗೇ ಮುಗೀತಿತ್ತೇನೋ. ಈ ಬಾಗಿಲು ದಾಟೋ ಜರೂರತ್ತೇ ಇರ್ತಿರ್ಲಿಲ್ಲ.”

‘ಬರೆದವನು ನಾನೇ’ ಎಂಬ ಎರಡು ಪದ ಹೇಳಲು ಮೂರು ಪೂರ್ಣ ನಿಮಿಷ ಸಿಕ್ಕಿತ್ತು. ಹೇಳಲಿಲ್ಲ. ಡಾಕ್ಟರೇ ನನ್ನ ಕಡೆ ತಿರುಗಿದಳು. ಗುರುತು ಹಿಡಿದು ನಕ್ಕಳು.

“ಅಂಕಲ್, ನೀವು ಎದಿ ಉರಿ ಅಂತ ಬಂದಿದ್ರಲ್ರಿ? ಐತವಾರ? ಇಸಿಜಿ ನಾನೇ ಮಾಡ್ಸಿದ್ದೆ. ಈಗ ಆರಾಮ್ ಅದೀರಿ?”

ಆರಾಮ್ ಇದ್ದೇನೆ ಎಂಬಂತೆ ತಲೆಯಾಡಿಸಿದೆ. ಆಕೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಜಗದೇವಿ ಕೈಯಲ್ಲಿದ್ದ ನನ್ನ ಫೋಟೋ ನೋಡಿದಳು. ನನ್ನನ್ನು ನೋಡಿದಳು.

“ನೀವು ಐತವಾರ ಬಂದಿದ್ರೇನ್ರಿ ಸರ?”

ಮೂವತ್ತು ವರ್ಷ ಎಷ್ಟೋ ಮಕ್ಕಳಿಗೆ ಪ್ರಶ್ನೆ ಕೇಳಿದ್ದೇನೆ. ಉತ್ತರ ಗೊತ್ತಿದ್ದೂ ಹೇಳಲಾಗದೆ ನಿಂತವರ ಕಷ್ಟ ಏನೆಂದು ನನಗೆ ಆವತ್ತು ತಿಳಿಯಿತು. ಆಕೆ ಉತ್ತರಕ್ಕೆ ಕಾಯಲಿಲ್ಲ. ಹಾಳೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

“ಇದು ನೀವೇ ಇಟ್ಕೊಳ್ರಿ ಸರ.” ಆ ‘ಸರ’ ಮತ್ತು ಆ ‘ರಿ’ ಎರಡೂ ಹಾಗೇ ಇದ್ದವು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮನೆಗೆ ಬರುವಾಗ ಆಟೋದಲ್ಲಿ ಶಕುಂತಲಾ ಕೇಳಿದಳು. “ಆಕಿ ಕೇಳಿದಾಗ ಸರಿ ಮಾಡೀರಿ ಅಂದ್ರಲ್ಲ, ಒಳಗ ನಮ್ಮಪ್ಪ ಇದ್ದಿದ್ರ ನನಗೂ ಹಂಗೇ ಅಂತಿದ್ರೇನು?”

ಮನೆಯಲ್ಲಿ ಆ ಹಾಳೆಯನ್ನು ಹರಿಯಲು ನೋಡಿದೆ. ಲ್ಯಾಮಿನೇಟ್ ಮಾಡಿದ್ದು ಕೈಯಲ್ಲಿ ಹರಿಯುವುದಿಲ್ಲ, ನಿಮಗೆ ಗೊತ್ತಿರಲಿ. ಮಡಚಲೂ ಬರುವುದಿಲ್ಲ. ಕಪಾಟಿನಲ್ಲಿ ಬಟ್ಟೆಯ ಕೆಳಗಿಟ್ಟೆ.

ನನ್ನ ತಂದೆ ಅಮಾವಾಸ್ಯೆಯ ದಿನ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ರಾಹುಕಾಲದಲ್ಲಿ ಮಾತ್ರೆ ಕೂಡ ನುಂಗುತ್ತಿರಲಿಲ್ಲ. ವಿಜ್ಞಾನದ ಮಾಸ್ತರನಾದ ಮಗ ಅವರನ್ನು ಎಷ್ಟು ಗೇಲಿ ಮಾಡಿದ್ದೇನೆ! ಈಗ ನೋಡಿ, ನಾನು ಮಾಡಿದ್ದೇನು? ಪಂಚಾಂಗಕ್ಕೆ ಹೊಸದೊಂದು ಅಮಾವಾಸ್ಯೆ ಸೇರಿಸಿದೆ. ಅಪ್ಪನದ್ದು ತಿಂಗಳಿಗೆ ಒಂದು. ನನ್ನದು ವಾರಕ್ಕೊಂದು.

ಕಾಯಲು ನಮಗೆ ಕಾರಣಗಳು ಕಡಿಮೆಯೇ? ಹೊಲದಲ್ಲಿ ತೊಗರಿ ಕೊಯ್ಲು ಇದೆ, ಎಮ್ಮೆ ನೋಡಿಕೊಳ್ಳುವವರಿಲ್ಲ, ಝರಾಸಂಗಕ್ಕೆ ಹೋದ ತಮ್ಮ ಬರಲಿ, ಬೀಗರು ಮನೆಗೆ ಬಂದಿದ್ದಾರೆ ಅವರು ಹೊರಡಲಿ. ಜ್ವರಕ್ಕೂ ಏದುಸಿರಿಗೂ ನಾವು ‘ಸ್ವಲ್ಪ ತಡಿ’ ಅನ್ನುತ್ತೇವೆ, ಅವು ನಮ್ಮ ನೆಂಟರೋ ಎಂಬಂತೆ. ಇಷ್ಟೆಲ್ಲ ಇರುವಾಗ ಓದಿದವನೊಬ್ಬ ಪೇಪರಿನಲ್ಲಿ ಫೋಟೋ ಸಮೇತ ಇನ್ನೊಂದು ಕಾರಣ ಕೊಟ್ಟರೆ ಜನ ಬಿಡುತ್ತಾರೆಯೇ? ಅದನ್ನು ಗೋಡೆಗೆ ತೂಗುಹಾಕುತ್ತಾರೆ.

ತಪ್ಪು ತಿಳಿದ ಮೇಲಾದರೂ ಮುಂದಿನ ವಾರವೇ ಬರೆದೆನೇ? ಇಲ್ಲ. ಮಾವಿನ ಉಪ್ಪಿನಕಾಯಿಯ ಬಗ್ಗೆ ಬರೆದೆ. ಅದರ ಮುಂದಿನ ವಾರ ಬಸ್ ನಿಲ್ದಾಣದ ಫ್ಯಾನಿನ ಬಗ್ಗೆ. ಆಮೇಲೆ ಮೊಬೈಲ್ ರಿಂಗ್‌ಟೋನಿನ ಬಗ್ಗೆ. ನೀವು ಮೂರನ್ನೂ ಮೆಚ್ಚಿದಿರಿ. ಆ ಮೂರು ವಾರವೂ ನಾನು ದಿನಾ ಆಸ್ಪತ್ರೆಗೆ ಫೋನ್ ಮಾಡಿ, ನನ್ನ ಹೆಸರು ಹೇಳದೆ, ಮನೂರಿನ ಮಾಣಿಕಪ್ಪ ಹೇಗಿದ್ದಾರೆ ಎಂದು ಕೇಳುತ್ತಿದ್ದೆ. ಒಂಬತ್ತನೇ ದಿನ ನಳಿಕೆ ತೆಗೆದರು. ಹದಿನೆಂಟನೇ ದಿನ ಮನೆಗೆ ಕಳಿಸಿದರು. ಬದುಕಿದರು. ಅದರಲ್ಲಿ ನನ್ನ ಪಾಲು ಏನೂ ಇಲ್ಲ, ತಾಂಡೂರಿನ ಆ ಹುಡುಗಿಯದ್ದೇ ಎಲ್ಲ.

ಕಳೆದ ವಾರ ಈ ಬರಹ ಬರೆದೆ. ಇಲ್ಲಿಯವರೆಗಿನದ್ದು. ಪತ್ರಿಕೆಗೆ ಕಳಿಸಲು ಕೂತಾಗ ಒಂದು ಮಾತು ಹೊಳೆಯಿತು. ಮನೂರಿನಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳುವವರು ಯಾರು? ನನ್ನ ನಗೆಬರಹ ಓದಿ ಹೇಳುತ್ತಿದ್ದ ಮನುಷ್ಯನನ್ನು ನಾನೇ ಉಸಿರಿಲ್ಲದಂತೆ ಮಾಡಿ ಕೂರಿಸಿದ್ದೇನೆ. ಆ ಗೋಡೆಯ ಕೆಳಗೆ ಕೂತು ನಕ್ಕವರೆಲ್ಲ ಇನ್ನೂ ಸೋಮವಾರಕ್ಕೇ ಕಾಯುತ್ತಿರುತ್ತಾರಲ್ಲ?

ಖೇಡಕ್ಕೆ ಬಸ್ಸು, ಅಲ್ಲಿಂದ ಶೇರ್ ಆಟೋ. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ, ಸದ್ದಿತ್ತು. ಹಿಟ್ಟಿನ ಡಬ್ಬದ ಮುಂದೆ ಜಗದೇವಿ ನಿಂತಿದ್ದಳು. ನನ್ನನ್ನು ನೋಡಿ ನಗಲಿಲ್ಲ, ಆದರೆ ನೀರು ತಂದುಕೊಟ್ಟಳು. ಬಾಗಿಲ ಆಚೆ, ಧೂಳು ತಾಗದಷ್ಟು ದೂರದಲ್ಲಿ, ಮಂಚದ ಮೇಲೆ ಮಾಣಿಕಪ್ಪ. ಸಣಕಲು ಮನುಷ್ಯ. ದನಿ ನಳಿಕೆಗೆ ಸಿಕ್ಕಿ ಒಡೆದುಹೋಗಿತ್ತು.

ನಾನು ಯಾರೆಂದು ಹೇಳಿದೆ. “ಗೊತ್ತದರಿ” ಅಂದರು. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡರು. ಹೊಸದಾಗಿ ಬರೆದದ್ದನ್ನು ಇಲ್ಲಿ ಓದಬೇಕು ಎಂದು ಕೇಳಿಕೊಂಡೆ.

ಜಗದೇವಿ ಗಿರಣಿ ಬಂದ್ ಮಾಡಿದಳು. ಕರೆಂಟ್ ಹೋಗಿರಲಿಲ್ಲ. ಜೋಳದ ಚೀಲ ಹಿಡಿದ ಏಳೆಂಟು ಜನ ಹಳೆಯ ರೂಢಿಯಂತೆ ಕೂತರು. ಗೋಡೆಯ ಮೇಲೆ ಖಾಲಿ ಮೊಳೆ ಇತ್ತು. ಅದರ ಕೆಳಗೆ ನಿಂತು ನಾನು ಇದನ್ನು ಪೂರ್ತಿ ಓದಿದೆ. ‘ಸರಿ ಮಾಡೀರಮ್ಮ’ ಎಂಬ ಸಾಲನ್ನೂ ಬಿಡಲಿಲ್ಲ. ಉಸಿರು ಸಿಗದಿದ್ದರೆ, ಎದೆ ಹಿಡಿದರೆ, ಮಾತು ತೊದಲಿದರೆ ವಾರ ನೋಡಬೇಡಿ, ಆ ಗಳಿಗೆಯಲ್ಲೇ ಹೊರಡಿ ಎಂದು ಕಾಗದದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿದೆ.

ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು ಕೇಳಿದಳು. “ಹೋದ ತಿಂಗಳ ನಮ್ಮ ಮೊಮ್ಮಗಳಿಗಿ ಐತವಾರ ಫಿಟ್ಸ್ ಬಂದಿತ್ತಪ್ಪ. ಮರುದಿನ ಒಯ್ದೀವಿ. ಅದೂ ತಪ್ಪಾತೇನು?”

“ಮಗು ಹೆಂಗದಮ್ಮ ಈಗ?” ಎಂದು ಕೇಳಿದೆ. ಆಡಿಕೊಂಡಿದೆ ಅಂದಳು. ನಾನು ಅಲ್ಲೇ ಜೋಳದ ಚೀಲದ ಮೇಲೆ ಕೂತುಬಿಟ್ಟೆ.

ಈ ಕೊನೆಯ ಸಾಲುಗಳನ್ನು ವಾಪಸ್ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟವಾಗಿದ್ದರೆ ಸಂಪಾದಕರು ಕ್ಷಮಿಸಬೇಕು. ಹೊರಡುವಾಗ ಮಾಣಿಕಪ್ಪನವರಿಗೆ ಕೈ ಮುಗಿದೆ. ಅವರು ನನ್ನ ಕೈಯಲ್ಲಿದ್ದ ಕಾಗದ ನೋಡಿದರು, ಗೋಡೆಯ ಮೊಳೆ ನೋಡಿದರು, ಉಸಿರು ಕೂಡಿಸಿಕೊಂಡು ಕೇಳಿದರು.

“ಅದೂ ನೀವೇ ಬರದಿದ್ದು, ಇದೂ ನೀವೇ ಬರದಿದ್ದು. ಮೊಳಿಗಿ ಯಾವುದು ಹಾಕಮ್ರಿ ಮಾಸ್ತರ?”